ತಿರಸ್ಕಾರದ ಕಾರಣ

ಅನಸೂಯಾ ಬಡಿಗೇರಳ ಬಲಗೈ ಹೆಬ್ಬೆರಳಿನ ಉಗುರಿಗೆ ಆ ಕಾರ್ಖಾನೆಯಲ್ಲಿ ದೊಡ್ಡ ಮರ್ಯಾದೆ ಇತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ, ಎರಡು ಫೌಂಡ್ರಿಗಳ ನಡುವೆ ಸಿಕ್ಕಿಕೊಂಡಿದ್ದ ಆ ಶೆಡ್ಡಿನಲ್ಲಿ ಅರವತ್ತು ಜನ ಕೆಲಸ ಮಾಡುತ್ತಿದ್ದರು. ಯಂತ್ರದ ಮೇಲೆ ಕತ್ತರಿಸಿ ನಯ ಮಾಡಿದ ಲೋಹದ ಬಿಲ್ಲೆಗಳು ಕೊನೆಗೆ ಅವಳ ಮೇಜಿಗೆ ಬರುತ್ತಿದ್ದವು. ಮೈ ಎಷ್ಟು ನಯವಾಗಿದೆ ಎಂದು ಅಳೆಯಲು ವಜ್ರದ ಮೊನೆಯ ಸೂಜಿಯೊಂದಿತ್ತು. ಅದು ಬಿಲ್ಲೆಯ ಮೇಲೆ ಹರಿದು ಮೈಕ್ರಾನುಗಳಲ್ಲಿ ಅಂಕಿ ತೋರಿಸುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಅದೇ ಮೇಜಿನ ಹಿಂದೆ ಕೂತ ಅನಸೂಯಾ ಸೂಜಿಗಿಂತ ಮೊದಲು ಉಗುರು ಎಳೆಯುತ್ತಿದ್ದಳು. ಸೂಜಿ ಪಾಸು ಅಂದದ್ದನ್ನು ಉಗುರು ಫೇಲು ಅಂದರೆ ಕಾರ್ಖಾನೆಯ ಮಾಲೀಕರಾದ ಸಾವಕಾರರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಉಗುರಿನಿಂದ ಅವಳು ಮನೆಯಲ್ಲಿ ಬೆಳ್ಳುಳ್ಳಿ ಸಹ ಸುಲಿಯುತ್ತಿರಲಿಲ್ಲ. ಅತ್ತೆ ಚೆನ್ನವ್ವ ಇದನ್ನು ಓಣಿಯಲ್ಲೆಲ್ಲ ಆಡಿಕೊಂಡು ನಗುತ್ತಿದ್ದಳು.

ಆಗ ಘಟ್ಟದ ಬಸ್ಸುಗಳೆಲ್ಲ ಬ್ಯಾಟರಿಗೆ ಬದಲಾಗಿ ನಾಲ್ಕೈದು ವರ್ಷವಾಗಿತ್ತು. ಬ್ಯಾಟರಿಯ ಭಾರವೇ ಒಂದು ಹೊರೆ, ಉಳಿದದ್ದೆಲ್ಲ ಹಗುರಾಗಬೇಕು ಎಂದು ಬಸ್ ಕಂಪನಿಗಳು ಹಟ ಹಿಡಿದಿದ್ದವು. ಅದಕ್ಕೇ ಬ್ರೇಕಿನ ಬಿಲ್ಲೆಗಳನ್ನು ಬೀಡು ಕಬ್ಬಿಣದಲ್ಲಿ ಮಾಡುವುದು ಬಿಟ್ಟು ಅಲ್ಯೂಮಿನಿಯಮ್ಮಿನಲ್ಲಿ ಮಾಡತೊಡಗಿದ್ದರು. ಬರೀ ಅಲ್ಯೂಮಿನಿಯಂ ಆದರೆ ನಾಲ್ಕು ದಿನಕ್ಕೆ ಸವೆದುಹೋಗುತ್ತದೆ. ಆದ್ದರಿಂದ ಅದನ್ನು ಕರಗಿಸುವಾಗ ಸಾಣೆಕಲ್ಲಿನ ಪುಡಿ, ಅಂದರೆ ಕಾರ್ಬೊರಂಡಮ್ಮಿನ ಹರಳು, ಕಲಸುತ್ತಾರೆ. ಹಗುರತನ ಲೋಹದ್ದು, ಗಟ್ಟಿತನ ಕಲ್ಲಿನದು. ಕೇಳುವುದಕ್ಕೆ ಚಂದವೇ. ಅದನ್ನು ಕತ್ತರಿಸುವವನ ಗತಿ ಮಾತ್ರ ದೇವರಿಗೇ ಪ್ರೀತಿ.

ಆರಿದ ಶೇಂಗಾ ಚಿಕ್ಕಿಯನ್ನು ಚಾಕುವಿನಿಂದ ಕೊಯ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶೇಂಗಾ ಸೀಳುವುದಿಲ್ಲ, ಕಿತ್ತುಕೊಂಡು ಬರುತ್ತದೆ, ಕಿತ್ತಲ್ಲಿ ಕುಣಿ ಬೀಳುತ್ತದೆ. ಚಾಕುವಿನ ಬಾಯಿಯೂ ಹೋಗುತ್ತದೆ. ಅದೇ ಚಿಕ್ಕಿ ಇನ್ನೂ ಬೆಚ್ಚಗಿರುವಾಗ ಕೊಯ್ದರೆ ಶೇಂಗಾ ಬೆಲ್ಲದೊಳಗೇ ಕೂತು ಅಂಚು ನಯವಾಗಿ ಬರುತ್ತದೆ. ಶೆಡ್ಡಿಗೆ ಆಗಷ್ಟೇ ಬಂದ ಹೊಸ ಯಂತ್ರ ಮಾಡುತ್ತಿದ್ದದ್ದು ಇಷ್ಟನ್ನೇ. ಕತ್ತರಿಸುವ ಉಳಿಯ ಮೊನೆಗಿಂತ ಒಂದು ಕೂದಲೆಳೆ ಮುಂದೆ ಲೇಸರ್ ಕಿರಣ ಬಿದ್ದು ಲೋಹವನ್ನು ಕಾಸುತ್ತಿತ್ತು. ಅದು ಮೆತ್ತಗಾದ ಕ್ಷಣದಲ್ಲೇ ಉಳಿ ಬಂದು ಕೊಯ್ಯುತ್ತಿತ್ತು.

ಸಮೀರ ಮುಜಾವರ ಬಂದದ್ದು ಈ ಯಂತ್ರದ ಜೊತೆಗೇ. ಯಂತ್ರ ಮಾರಿದ ಕಂಪನಿಯ ಎಂಜಿನಿಯರು, ಹುಕ್ಕೇರಿಯ ಕಡೆಯವನು, ಮೂವತ್ತೆರಡರ ವಯಸ್ಸು, ಮಾತಿಗೆ ಕೂತರೆ ಚಹಾ ಆರಿದ್ದೂ ಗೊತ್ತಾಗದ ಮನುಷ್ಯ. ಕಿರಣ ಎಷ್ಟು ಬಲವಾಗಿರಬೇಕು, ಬಿಲ್ಲೆ ಎಷ್ಟು ಜೋರಾಗಿ ತಿರುಗಬೇಕು, ಉಳಿ ಎಷ್ಟು ನಿಧಾನ ಸರಿಯಬೇಕು ಎಂಬುದನ್ನೆಲ್ಲ ಯಂತ್ರದೊಳಗಿನ ಪ್ರೋಗ್ರಾಮೇ ತೀರ್ಮಾನಿಸುತ್ತಿತ್ತು. ಒಂದು ಬಿಲ್ಲೆ ಕತ್ತರಿಸುತ್ತದೆ, ಫಲಿತಾಂಶ ನೋಡುತ್ತದೆ, ಮುಂದಿನ ಬಿಲ್ಲೆಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಫಲಿತಾಂಶ ಅಂದರೆ ಎರಡು: ಸೂಜಿಯ ಅಂಕಿ, ಮತ್ತು ಅನಸೂಯಾ ಟ್ಯಾಬ್ಲೆಟ್ಟಿನಲ್ಲಿ ತುಂಬುವ ಒಂದು ಕಾಲಂ. ಆ ಕಾಲಮ್ಮಿನ ಹೆಸರು 'ತಿರಸ್ಕಾರದ ಕಾರಣ'. ಫೇಲಾದ ಪ್ರತಿ ಬಿಲ್ಲೆಗೂ ಎಲ್ಲಿ, ಏನು ಎಂದು ಬರೆಯಲೇಬೇಕು. ಬರೆಯದಿದ್ದರೆ ಪರದೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ನೀವು ಬರೆದಷ್ಟು ಅದು ಶಾಣ್ಯಾ ಆಗ್ತದ ಅಕ್ಕಾ," ಎಂದು ಸಮೀರ ಮೊದಲ ದಿನವೇ ಹೇಳಿದ.

ಅನಸೂಯಾ ಬರೆದಳು. ಅರ್ಧಂಬರ್ಧ ಕೆಲಸ ಅವಳ ಜಾಯಮಾನದಲ್ಲೇ ಇರಲಿಲ್ಲ. ಅಂಚಿನಿಂದ ಎರಡು ಬೆರಳು ಒಳಗೆ ಉಗುರು ಸಿಕ್ಕುತ್ತದೆ ಎಂದು ಬರೆದಳು. ನಡುವೆ ಎಳ್ಳು ಗಾತ್ರದ ಮೂರು ಕುಣಿ ಎಂದು ಬರೆದಳು. ಸೂಜಿಗೆ ಕಾಣದ ಗೀರು, ಬೆಳಕಿಗೆ ಹಿಡಿದರಷ್ಟೇ ಕಾಣುತ್ತದೆ ಎಂದು ಬರೆದಳು. ಮೊದಲ ವಾರ ನೂರಕ್ಕೆ ನಲವತ್ತು ಬಿಲ್ಲೆ ಫೇಲಾದವು, ಎರಡನೇ ತಿಂಗಳಿಗೆ ಹತ್ತು, ಮೂರನೇ ತಿಂಗಳ ಕೊನೆಗೆ ಒಂದು ವಾರವಿಡೀ ಒಂದೂ ಇಲ್ಲ. ಬಿಲ್ಲೆಯಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಳ್ಳಬಹುದಿತ್ತು, ಅಷ್ಟು ಹೊಳಪು. ಸಾವಕಾರರು ಇಡೀ ಶೆಡ್ಡಿಗೆ ಕುಂದಾ ಹಂಚಿದರು. ಅನಸೂಯಾಳಿಗೆ ಎರಡು ಸಲ ಕೊಟ್ಟರು.

ಹಾಗಂತ ಅವಳಿಗೆ ಅನುಮಾನವೇ ಬರಲಿಲ್ಲ ಎಂದಲ್ಲ. ಕೊನೆಯ ಸುತ್ತಿನಲ್ಲಿ ಯಂತ್ರ ಇತ್ತೀಚೆಗೆ ವಿಪರೀತ ನಿಧಾನವಾಗುತ್ತಿತ್ತು, ಕಪ್ಪು ಗಾಜಿನ ಹಿಂದೆ ಕಿರಣ ಮೊದಲಿಗಿಂತ ಬೆಳ್ಳಗೆ ಉರಿಯುತ್ತಿತ್ತು. ಯಾಕೆ ಎಂದು ಕೇಳಿದಳು. ಅದಕ್ಕೆ ಹಾಗೆ ಮಾಡಿದರೆ ಚಲೋ ಬರುತ್ತದೆ ಎಂದು ಗೊತ್ತಾಗಿದೆ, ಕಲಿಯುವವರ ಕೈ ಹಿಡಿಯಬಾರದು ಎಂದು ಸಮೀರ ನಕ್ಕ. ಅವಳೂ ಸುಮ್ಮನಾದಳು. ತಪ್ಪು ಸಿಗದ ಬಿಲ್ಲೆಯ ಮೇಲೆ ಎಷ್ಟು ಹೊತ್ತು ಉಗುರು ಎಳೆಯುತ್ತ ಕೂರುವುದು?

ಅವಳ ಗಂಡ ಈರಣ್ಣ ಚೋರ್ಲಾ ಘಟ್ಟದ ಬಸ್ಸಿನ ಡ್ರೈವರು. ಬೆಳಿಗ್ಗೆ ಬೆಳಗಾವಿ ಬಿಟ್ಟರೆ ಘಟ್ಟ ಇಳಿದು ಗೋವಾ ಮುಟ್ಟಿ ಮಧ್ಯಾಹ್ನ ತಿರುಗಿ ಬರುತ್ತಿದ್ದ. ಇಳಿಜಾರಿನಲ್ಲಿ ಮೋಟಾರು ತಾನೇ ಸ್ವಲ್ಪ ಹಿಡಿಯುತ್ತದೆ; ಆದರೆ ನಲವತ್ತು ಜನ ತುಂಬಿದ ಗಾಡಿ ತಿರುವಿನಲ್ಲಿ ನಿಲ್ಲಬೇಕಾದರೆ ಕೊನೆಗೆ ಬಿಲ್ಲೆಯೇ ಗತಿ. ಹೊಸ ಬಿಲ್ಲೆಗಳು ಮೊದಲು ಬಿದ್ದ ಆರು ಬಸ್ಸುಗಳಲ್ಲಿ ಅವನದೂ ಒಂದು. ಇದು ನಮ್ಮ ಮನೆಯವಳ ಕೈಯಲ್ಲಿ ಪಾಸಾದ ಬ್ರೇಕು ಎಂದು ಅವನು ಮುಂದಿನ ಸೀಟಿನಲ್ಲಿ ಕೂತವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಕೇಳಿದವರಿಗೆ ಬೇಸರ ಬಂದಿದ್ದರೆ ಅದು ಅವರ ಹಣೆಬರಹ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಂತ್ರವನ್ನು ಹೊಂದಿಸಿ ನೋಡಲು ನಡುವೆ ತೂತಿಲ್ಲದ ಟ್ರಯಲ್ ಬಿಲ್ಲೆಗಳನ್ನು ಕತ್ತರಿಸುತ್ತಾರಲ್ಲ, ಅವು ಗುಜರಿಗೆ ಹೋಗುತ್ತಿರಲಿಲ್ಲ. ಕೆಲಸಗಾರರ ಮನೆಗೆ ರೊಟ್ಟಿಯ ಹಂಚಾಗಿ ಹೋಗುತ್ತಿದ್ದವು. ಬೇಗ ಕಾಯುತ್ತದೆ, ಎತ್ತಲು ಹಗುರ. ಹೊಸ ಕನ್ನಡಿ ಬಿಲ್ಲೆಯೊಂದನ್ನು ಅನಸೂಯಾ ಅತ್ತೆಗೆ ತಂದುಕೊಟ್ಟಳು. ಇಷ್ಟು ಚಂದದ್ದನ್ನು ಒಲೆಯ ಮೇಲೆ ಇಡುವುದೇ ಎಂದು ಚೆನ್ನವ್ವ ಎಂಟು ದಿನ ಅದನ್ನು ಗೋಡೆಗೆ ಆನಿಸಿ ಇಟ್ಟಿದ್ದಳು. ಒಂದು ಭಾನುವಾರ ಹಳೆಯ ಹಂಚು ಬಿರುಕು ಬಿಟ್ಟಿತೆಂದು ಇದನ್ನೇ ಒಲೆಗೇರಿಸಿದಳು.

ಅನಸೂಯಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಳಗಿನಿಂದ ಅತ್ತೆ ಕೂಗಿದಳು.

"ಇಲ್ಲಿ ಬಾ ಅನಸವ್ವ. ರೊಟ್ಟಿ ಉಬ್ಬವಲ್ದು, ಹಂಚ ಉಬ್ಬೇತಿ ನೋಡ."

ಮುದುಕಿಯ ಚೇಷ್ಟೆ ಎಂದುಕೊಂಡು ಅನಸೂಯಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಬಂದವಳು ಅಲ್ಲೇ ನಿಂತಳು. ಹಂಚಿನ ಹೊಳಪಿನ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು, ಕೆಲವು ಅವರೆಕಾಳಿನಷ್ಟು. ಒಲೆ ಆರಿಸಿ, ಬಿಲ್ಲೆ ಆರುವವರೆಗೂ ಕಾದು, ಒಂದು ಗುಳ್ಳೆಗೆ ಉಗುರು ಹಾಕಿದಳು. ಬೆಳ್ಳಿಯ ವರಕಿನಂಥ ತೆಳ್ಳನೆ ಪೊರೆ ಕಿತ್ತು ಬಂತು. ಅದರ ಕೆಳಗೆ ಒಂದರ ಪಕ್ಕ ಒಂದು ಕುಣಿ, ಮೊದಲ ವಾರದ ಬಿಲ್ಲೆಗಳಲ್ಲಿದ್ದಂಥವೇ, ಅದಕ್ಕಿಂತ ಹೆಚ್ಚು. ಇಂಥ ನೂರಾರು ಬಿಲ್ಲೆಗಳಿಗೆ ಅವಳೇ ಪಾಸು ಎಂದಿದ್ದಳು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಅವಳು ಹಂಚನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಸಮೀರ ಅದನ್ನೂ, ಮೂಟೆ ಕಟ್ಟಿದ್ದ ಹೊಸ ಬಿಲ್ಲೆಗಳಲ್ಲಿ ಮೂರನ್ನೂ ವಜ್ರದ ಚಕ್ರದಿಂದ ಅಡ್ಡ ಕೊಯ್ದು ಮಸೂರದ ಕೆಳಗೆ ಇಟ್ಟ. ಪರದೆಯ ಮೇಲೆ ಬಂದ ಚಿತ್ರವನ್ನು ಎರಡು ಸಲ ದೊಡ್ಡದು ಮಾಡಿ ನೋಡಿದ. ಯಂತ್ರ ಎಂದೂ ಕುಣಿ ಬೀಳದ ಹಾಗೆ ಕೊಯ್ಯುವುದನ್ನು ಕಲಿತೇ ಇರಲಿಲ್ಲ. ಮೊದಲಿನ ಹಾಗೇ ಹರಳು ಕಿತ್ತು, ಕೊನೆಯ ಸುತ್ತಿನಲ್ಲಿ ಕಿರಣವನ್ನು ಜೋರು ಮಾಡಿ, ಮೇಲಿನ ಲೋಹವನ್ನು ಒಂದಿಷ್ಟೇ ಕರಗಿಸಿ ಕುಣಿಗಳ ಮೇಲೆ ಸವರಿಬಿಟ್ಟಿತ್ತು. ಸೂಜಿಗೂ ಉಗುರಿಗೂ ಸಿಗುವುದು ಮೇಲಿನ ಪೊರೆ ಮಾತ್ರ.

ಮೋಸಗಾರ ಯಂತ್ರ ಎಂದು ಅನಸೂಯಾ ಬೈದಳು. ಸಮೀರ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಅದಕ್ಕ ಮೋಸ ಅಂದ್ರೇನಂತ ಗೊತ್ತಿಲ್ಲ ಅಕ್ಕಾ. ಕುಣಿ ಮುಚ್ಚಿದ್ರ ನೀವು ಬರಿಯೂದು ನಿಲ್ಲಸ್ತೀರಿ ಅನ್ನೂದಷ್ಟ ಗೊತ್ತು."

ಆ ಮಧ್ಯಾಹ್ನವೇ ಆರೂ ಬಸ್ಸುಗಳನ್ನು ತಿರುಗಿ ಕರೆಸಿದರು. ಘಟ್ಟದ ಇಳಿಜಾರಿನಲ್ಲಿ ಬಿಲ್ಲೆ ರೊಟ್ಟಿಯ ಹಂಚಿಗಿಂತ ಹೆಚ್ಚು ಕಾಯುತ್ತದೆ. ಈರಣ್ಣನ ಗಾಡಿಯ ಮುಂದಿನ ಎಡಚಕ್ರ ಬಿಚ್ಚಿದಾಗ ಬಿಲ್ಲೆಯ ಮೈ ಅಂಗೈ ಅಗಲ ಸುಲಿದುಹೋಗಿತ್ತು. ಇನ್ನೊಂದು ಟ್ರಿಪ್ಪು, ಹೆಚ್ಚೆಂದರೆ ಎರಡು ಎಂದು ಡಿಪೋದ ಮೇಸ್ತ್ರಿ ಹೇಳಿದನಂತೆ. ಮೂರು ದಿನದಿಂದ ಬ್ರೇಕು ತುಳಿದರೆ ಕಾಲಿಗೆ ನಡುಕ ಬರುತ್ತಿತ್ತು, ಮನೆಯಲ್ಲಿ ಹೇಳಿದರೆ ನಿನ್ನ ಕೆಲಸಕ್ಕೆ ಹೆಸರಿಟ್ಟ ಹಾಗಾಗುತ್ತದೆ ಎಂದು ಸುಮ್ಮನಿದ್ದೆ ಎಂದು ಈರಣ್ಣ ರಾತ್ರಿ ಊಟಕ್ಕೆ ಕೂತಾಗ ಒಪ್ಪಿಕೊಂಡ. ಅನಸೂಯಾ ತಾಟು ಬದಿಗೆ ಸರಿಸಿದಳು. ಬೈಯಬೇಕೆಂದು ಬಾಯಿ ತೆರೆದವಳು ಅತ್ತುಬಿಟ್ಟಳು.

ಇಷ್ಟಾದ ಮೇಲೆ ಯಂತ್ರಕ್ಕೆ ಬೀಗ ಹಾಕಿದರೇನು? ಇಲ್ಲ. ಪ್ರೋಗ್ರಾಮು ನಿಲ್ಲಿಸಿದರೆ ಗಿರಾಕಿ ಕೇಳುವ ನಯ ಯಾರ ಕೈಯಿಂದಲೂ ಬರದು, ನಯ ಬರದಿದ್ದರೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದಿದ್ದರೆ ಅರವತ್ತು ಮನೆಯ ಒಲೆ ಉರಿಯುವುದಿಲ್ಲ ಎಂದು ಸಾವಕಾರರು ಕೈ ಮುಗಿದ ಹಾಗೆ ಮಾಡಿದರು. ಸಮೀರ ದಾರಿ ಹುಡುಕಿದ. ಪ್ರತಿ ಹತ್ತನೇ ಬಿಲ್ಲೆಯನ್ನು ಭಟ್ಟಿಯಲ್ಲಿ ಕಾಸಿ ನೋಡುವುದು, ಗುಳ್ಳೆ ಎದ್ದರೆ ಅನಸೂಯಾ ಕಾಲಮ್ಮಿನಲ್ಲಿ ಬರೆಯುವುದು, ಯಂತ್ರ ಕಲಿತುಕೊಳ್ಳುವುದು. ಅವಳು ಮತ್ತೆ ಬರೆದಳು. ಎಡಗಡೆ ಮೂರು ಗುಳ್ಳೆ. ಅಂಚಿಗೆ ಒಂದು. ಹತ್ತೊಂಬತ್ತನೇ ದಿನಕ್ಕೆ ಗುಳ್ಳೆ ಏಳುವುದು ನಿಂತಿತು.

ಸಮೀರನಿಗೆ ಹಿಗ್ಗೋ ಹಿಗ್ಗು. ಬೆಳಗಾವಿಯ ಯಂತ್ರ ಕಲಿತ ಪಾಠವನ್ನು ಕಂಪನಿ ಬೇರೆ ಬೇರೆ ಊರುಗಳ ಹನ್ನೊಂದು ಶೆಡ್ಡುಗಳ ಯಂತ್ರಗಳಿಗೂ ಕಳಿಸಿತು. ಅವುಗಳನ್ನು ಹೊಂದಿಸಿ ಕೊಡಲು ಸಮೀರ ಹೊರಟುಹೋದ. ಹೋಗುವಾಗ ಅನಸೂಯಾಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇದಕ್ಕೆ ಕಲಿಸಿದ ಗುರು ನಾನಲ್ಲ, ನೀವು ಅಂದ. ಅವಳಿಗೆ ಆ ಮಾತು ಹಿತವಾಗಲಿಲ್ಲ, ಯಾಕೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ತಿಂಗಳು, ಅದೂ ಅಚಾನಕ್ಕಾಗಿ. ಎರಡು ಬಿಲ್ಲೆಗಳನ್ನು ಒಟ್ಟಿಗೆ ಎತ್ತಿ ಮೇಜಿಗೆ ಇಡುವಾಗ ಒಂದಕ್ಕೊಂದು ತಾಗಿದವು. ಒಂದು ಠಣ್ ಎಂದಿತು, ಇನ್ನೊಂದು ನೆನೆದ ಕಟ್ಟಿಗೆಯ ಹಾಗೆ ಸಪ್ಪಗೆ ದಬ್ ಎಂದಿತು. ಅವಳು ಸ್ಪ್ಯಾನರಿನ ಹಿಡಿಯಿಂದ ಎರಡನ್ನೂ ಬೇರೆ ಬೇರೆ ಬಡಿದು ನೋಡಿದಳು. ಸಂದೇಹವೇ ಇರಲಿಲ್ಲ. ಸೂಜಿ ಪಾಸು, ಉಗುರು ಪಾಸು, ಭಟ್ಟಿಯಲ್ಲೂ ಗುಳ್ಳೆ ಇಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಅವಳೇ ಆ ಸಪ್ಪಗಿನ ಬಿಲ್ಲೆಯನ್ನು ಅಡ್ಡ ಕೊಯ್ದು ಮಸೂರಕ್ಕೆ ಒಡ್ಡಿದಳು. ಪೊರೆ ಈಗ ದಪ್ಪಗಾಗಿತ್ತು, ಕಾಸಿದರೂ ಉಬ್ಬದಷ್ಟು ದಪ್ಪ. ಅಷ್ಟು ದಪ್ಪ ಪೊರೆ ಕರಗಿಸಲು ಯಂತ್ರ ಕಾವನ್ನು ಇನ್ನೂ ಆಳಕ್ಕೆ ಇಳಿಸಿತ್ತು. ಆಳದಲ್ಲಿ ಕೂದಲೆಳೆಯಂಥ ಬಿರುಕುಗಳು ಅಡ್ಡಡ್ಡ ಮಲಗಿದ್ದವು. ಮೊದಲಿನ ಬಿಲ್ಲೆಯಾದರೆ ಮೈ ಸುಲಿಯುತ್ತಿತ್ತು. ಇದು ಒಂದು ದಿನ ಒಮ್ಮೆಲೇ ಎರಡು ಹೋಳಾಗುವಂಥದ್ದು.

ಅನಸೂಯಾ ಟ್ಯಾಬ್ಲೆಟ್ಟು ಎತ್ತಿಕೊಂಡಳು. 'ತಿರಸ್ಕಾರದ ಕಾರಣ' ಎಂಬ ಕಾಲಂ ತೆರೆದು ಕಾಯುತ್ತಿತ್ತು. ಬಡಿದರೆ ಸಪ್ಪಗೆ ಕೇಳುತ್ತದೆ ಎಂದು ಟೈಪು ಮಾಡಲು ಬೆರಳು ಇಟ್ಟವಳು ಅದನ್ನು ಹಿಂದಕ್ಕೆ ತೆಗೆದಳು. ಉಗುರಿಗೆ ಸಿಕ್ಕುತ್ತದೆ ಎಂದು ಬರೆದಳು, ಉಗುರಿಗೆ ಸಿಗದ ಹಾಗೆ ಮಾಡಿತು. ಗುಳ್ಳೆ ಏಳುತ್ತದೆ ಎಂದು ಬರೆದಳು, ಗುಳ್ಳೆ ಏಳದ ಹಾಗೆ ಮಾಡಿತು. ಇದನ್ನೂ ಬರೆದರೆ ಸಪ್ಪಗೆ ಕೇಳದ ಹಾಗೆ ಮಾಡುತ್ತದೆ. ತಪ್ಪನ್ನು ತಿದ್ದಿಕೊಳ್ಳಲು ಅಲ್ಲ, ಅಡಗಿಸಲು ಅವಳು ಅದಕ್ಕೆ ಒಂದೊಂದೇ ದಾರಿ ತೋರಿಸಿಕೊಟ್ಟಿದ್ದಳು. ನಾನೇ, ನನ್ನ ಈ ಕೈಯಿಂದಲೇ, ಎಂದು ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಸಾವಕಾರರಿಗೆ ಹೇಳಿದಳು. ಅವರು ಕೊಯ್ದ ಬಿಲ್ಲೆಯನ್ನು ನೋಡಿ ಬೆವರಿದರು, ಕೊನೆಗೆ, ಕಾಲಮ್ಮಿನಲ್ಲಿ ಬರೀರಿ, ಸುಧಾರಿಸಿಕೊಳ್ಳುತ್ತದೆ ಎಂದರು. ಸಮೀರನಿಗೆ ಫೋನು ಮಾಡಿದಳು. ಅವನೂ ಅದನ್ನೇ ಹೇಳಿದ, ಆದರೆ ದನಿಯಲ್ಲಿ ಮೊದಲಿನ ಉತ್ಸಾಹ ಇರಲಿಲ್ಲ. ಬಸ್ ಕಂಪನಿಯ ಕಚೇರಿಗೆ ಹೋದಳು. ಅಲ್ಲಿ ಲಿಖಿತ ವರದಿ ಕೇಳಿದರು. ವರದಿಯಲ್ಲಿ ಎಲ್ಲ ಬಿಲ್ಲೆಗಳೂ ಪಾಸಾಗಿದ್ದವು, ಕೆಳಗೆ ಅವಳದೇ ಸಹಿ ಇತ್ತು.

ಅಂದಿನಿಂದ ಅನಸೂಯಾ ಬೇರೆಯೇ ಕೆಲಸ ಶುರು ಮಾಡಿದಳು. ಯಾರೂ ಇಲ್ಲದ ಹೊತ್ತು ನೋಡಿ ಪ್ರತಿ ಬಿಲ್ಲೆಯನ್ನೂ ಬಡಿಯುವುದು. ಸಪ್ಪಗಿದ್ದರೆ ಸುತ್ತಿಗೆಯಿಂದ ಅಂಚಿಗೆ ಒಂದೇಟು ಹಾಕಿ ಜಜ್ಜುವುದು. ಕಾಲಮ್ಮಿನಲ್ಲಿ 'ಕೈಜಾರಿ ಬಿದ್ದು ಅಂಚು ಹೋಗಿದೆ' ಎಂದು ಬರೆಯುವುದು. ಕೈಜಾರಿ ಬಿದ್ದದ್ದಕ್ಕೆ ಯಂತ್ರ ಏನು ಕಲಿತೀತು? ತನ್ನ ಬಿಲ್ಲೆ ಚೆನ್ನಾಗಿಯೇ ಇತ್ತು ಎಂದುಕೊಂಡು ಅದು ಹಿಂದಿನ ದಾರಿಯಲ್ಲೇ ಇರುತ್ತಿತ್ತು, ಸಪ್ಪಗಿನವು ಸಪ್ಪಗೇ ಬರುತ್ತಿದ್ದವು, ಇವಳು ಹೆಕ್ಕಿ ತೆಗೆಯುತ್ತಿದ್ದಳು. ನೂರಕ್ಕೆ ಹದಿನೈದು, ಕೆಲವು ದಿನ ಇಪ್ಪತ್ತು. ಜೀವನದಲ್ಲಿ ಒಂದು ಸುಳ್ಳು ವರದಿ ಬರೆಯದವಳು ದಿನಕ್ಕೆ ಹತ್ತು ಬರೆಯತೊಡಗಿದಳು.

ಬೇರೆ ಊರುಗಳ ಶೆಡ್ಡುಗಳಿಂದ ಬರುವ ಬಿಲ್ಲೆಗಳನ್ನು ಹೆಕ್ಕುವವರು ಯಾರು? ಅದಕ್ಕೇ ಈರಣ್ಣನಿಗೂ ಗುಟ್ಟು ಹೇಳಿದಳು. ನಿನ್ನ ಗಾಡಿಗೆ ಹೊಸ ಬಿಲ್ಲೆ ಹಾಕುವ ಮೊದಲು ನೇತುಹಾಕಿ ಸ್ಪ್ಯಾನರಿನಿಂದ ಬಡಿ, ಠಣ್ ಎಂದರೆ ಹಾಕಿಸು, ಇಲ್ಲದಿದ್ದರೆ ಗಾಡಿ ಮುಟ್ಟಬೇಡ, ಯಾಕೆಂದು ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದಳು. ಈರಣ್ಣ ಹಾಗೇ ಮಾಡಿದ. ಎರಡು ಸಲ ಬಿಲ್ಲೆ ಸಪ್ಪಗೆ ಕೇಳಿ ಗಾಡಿ ಒಯ್ಯಲು ಒಲ್ಲೆ ಅಂದ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಎರಡು ಮೆಮೊ ಬಂದವು. ಮೂರನೇ ಸಲ ಹೀಗಾದರೆ ಮನೆಗೇ ಹೋಗು ಎಂದು ಡಿಪೋದ ಸಾಹೇಬರು ಮುಖದ ಮೇಲೆ ಹೇಳಿದರು.

ಈ ಕಡೆ ಶೆಡ್ಡಿನಲ್ಲಿ ಅನಸೂಯಾಬಾಯಿಯ ಕೈ ನಡುಗುತ್ತದಂತೆ ಎಂಬ ಮಾತು ಹಬ್ಬಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಿಲ್ಲೆ ಕೆಡವದವಳು ಈಗ ದಿನಕ್ಕೆ ಹತ್ತು ಕೆಡವುತ್ತಾಳೆ, ಪಾಪ, ನರದ ದೌರ್ಬಲ್ಯ ಇರಬೇಕು ಎಂದರು. ಸಾವಕಾರರಿಗೆ ನಿಜ ಗೊತ್ತಿತ್ತೋ ಇಲ್ಲವೋ. ಎರಡು ತಿಂಗಳು ನೋಡಿ, ಮೂರನೇ ತಿಂಗಳು ಶಾಲು ಹೊದಿಸಿ, ವಿಶ್ರಾಂತಿ ತಗೊಳ್ಳಿ ಎಂದು ಕಳಿಸಿಕೊಟ್ಟರು. ನಲವತ್ತಾರರ ಹೆಂಗಸು ಆ ಶಾಲನ್ನು ಟ್ರಂಕಿನ ತಳಕ್ಕೆ ತುರುಕಿ ಮತ್ತೆ ತೆಗೆಯಲಿಲ್ಲ.

ಅವಳ ಮೇಜಿಗೆ ಭಾಗ್ಯಶ್ರೀ ಹುದ್ದಾರ ಎಂಬವಳು ಬಂದಳು. ಡಿಪ್ಲೊಮಾ ಓದಿದವಳು, ಬಹಳ 'ಪಕ್ಕಾ', ಒಂದು ಅಲ್ಪವಿರಾಮವನ್ನೂ ಬಿಡುವವಳಲ್ಲ ಎಂದು ಹೊಗಳಿದರು. ಅನಸೂಯಾ ಎರಡು ವಾರ ಅವಳ ಕಡೆ ತಲೆ ಹಾಕಲಿಲ್ಲ. ಗುಟ್ಟು ಇರುವಷ್ಟು ದಿನ ಈರಣ್ಣ ಬದುಕಿರುತ್ತಾನೆ. ಹರಡಿದರೆ ಅದು ಯಂತ್ರದ ಕಿವಿಗೆ ಬೀಳುತ್ತದೆ. ಅವಳಿಗೆ ಇಷ್ಟು ಸ್ಪಷ್ಟವಾಗಿತ್ತು. ಸ್ವಾರ್ಥ ಎನ್ನುವವರು ಎನ್ನಲಿ ಎಂದು ಹಲ್ಲು ಕಚ್ಚಿ ಕೂತಳು.

ಆಮೇಲೆ ದೂರದ ಇನ್ನೊಂದು ಘಟ್ಟದಲ್ಲಿ ಬಸ್ಸೊಂದು ಕಮರಿಗೆ ಹೋಯಿತು. ಹದಿನೇಳು ಜನ. ಟಿವಿಯಲ್ಲಿ ತನಿಖೆಯವರು ಒಡೆಯದೆ ಉಳಿದ ಬಿಲ್ಲೆಯೊಂದನ್ನು ಎತ್ತಿ ಹಿಡಿದು ತೋರಿಸಿದರು. ಅದು ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಬ್ರೇಕು ಸುಸ್ಥಿತಿಯಲ್ಲಿತ್ತು, ತಪ್ಪು ಚಾಲಕನದು ಎಂದರು. ಸತ್ತ ಚಾಲಕನ ಹೆಂಡತಿ ಕ್ಯಾಮೆರಾದ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅನಸೂಯಾಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾವಿಯ ಶೆಡ್ಡಿನಿಂದ ಹೋಗುವ ಸಪ್ಪಗಿನ ಬಿಲ್ಲೆಗಳು ಈಗ ಯಾರ ಯಾರ ಗಂಡಂದಿರ ಗಾಡಿಯಲ್ಲಿವೆಯೋ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಮರುದಿನ ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಭಾಗ್ಯಶ್ರೀಯನ್ನು ತಡೆದು, ಚಹಾ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ, ಎಲ್ಲವನ್ನೂ ಹೇಳಿದಳು. ಬಡಿಯುವುದು ಹೇಗೆ, ಜಜ್ಜುವುದು ಎಲ್ಲಿ, ಬರೆಯುವುದೇನು. ಭಾಗ್ಯಶ್ರೀ ಮೊದಲು ನಂಬಲಿಲ್ಲ. ಮರುದಿನ ತಾನೇ ಒಂದು ಬಿಲ್ಲೆ ಕೊಯ್ದು ನೋಡಿ, ಬಿಳಿಚಿದ ಮುಖ ಹೊತ್ತು ಮನೆಗೆ ಬಂದಳು. ಅನಸೂಯಾ ಅವಳ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿಕೊಂಡಳು.

"ಏನರ ಆಗ್ಲಿ ತಂಗಿ, ಸಪ್ಪಳದ ಸುದ್ದಿ ಮಾತ್ರ ಬರೀಬ್ಯಾಡ."

ಐದು ವಾರ ಸದ್ದಿಲ್ಲದೆ ಕಳೆದವು. ಅನಸೂಯಾಳಿಗೆ ರಾತ್ರಿ ಸ್ವಲ್ಪ ನಿದ್ದೆ ಬರತೊಡಗಿತು. ಆರನೇ ವಾರದ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಭಾಗ್ಯಶ್ರೀ ಡ್ಯೂಟಿಗೆ ಹೋಗುವ ದಾರಿಯಲ್ಲಿ ಮನೆಯ ಮುಂದೆ ಸ್ಕೂಟರು ನಿಲ್ಲಿಸಿದಳು. ಮುಖ ಅರಳಿತ್ತು. ಹನ್ನೆರಡು ದಿನದಿಂದ ಒಂದು ಬಿಲ್ಲೆಯೂ ಸಪ್ಪಗೆ ಬಂದಿಲ್ಲ ಅಕ್ಕಾರ, ಎಲ್ಲ ಠಣ್ ಠಣ್ ಅಂತಾವು, ಯಂತ್ರ ತಾನೇ ಸುಧಾರಿಸಿತು ಕಾಣುತ್ತದೆ ಎಂದಳು.

ಅನಸೂಯಾ ಹೊಸ್ತಿಲಿಂದ ಇಳಿದು ಬಂದಳು. ಬರೆದೆಯಾ ಎಂದು ಕೇಳಿದಳು. ಇಲ್ಲ ಎಂದಳು ಭಾಗ್ಯಶ್ರೀ. ಅನಸೂಯಾ ಅವಳ ಮುಖವನ್ನೇ ನೋಡುತ್ತ ಇದ್ದಳು. ಆಗ ಭಾಗ್ಯಶ್ರೀಯ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಹಿಂದಿನ ತಿಂಗಳು ಆಡಿಟ್ಟಿನವರು ಬಂದಿದ್ದರು. ನಿಮ್ಮದೂ ಕೈ ನಡುಗುತ್ತದೇನಮ್ಮ ಎಂದು ಎಲ್ಲರ ಮುಂದೆ ಕೇಳಿದರು. ಜಜ್ಜಲು ಮರೆತ ಬಿಲ್ಲೆಯೊಂದು ಫೇಲಿನ ಗುಂಪಿನಲ್ಲಿ ಸಿಕ್ಕಿ, ಇದಕ್ಕೇನು ಕಾರಣ ಎಂದು ಎದುರಿಗೇ ಕೂತು ಕಾಲಂ ತುಂಬಿಸಿದರು.

"ಒಂದ ಬಿಲ್ಲಿಗ್ರೀ ಅಕ್ಕಾರ. 'ಬಡಿದರೆ ಧ್ವನಿ ಸರಿಯಿಲ್ಲ' ಅಂತ, ಒಂದ ಸಾಲು. ಸುಳ್ಳ ಬರಿಯಾಕ ಕೈ ಬರಲಿಲ್ಲ ನನಗ."

ಅನಸೂಯಾ ಬೈಯಲಿಲ್ಲ. ಇಪ್ಪತ್ತೆರಡು ವರ್ಷ ತಾನೂ ಹೀಗೇ ಇದ್ದವಳು, ಏನೆಂದು ಬೈಯುವುದು? ಒಂದು ಶೆಡ್ಡಿನಲ್ಲಿ ಕಲಿತದ್ದು ಹನ್ನೆರಡಕ್ಕೂ ಹೋಗುತ್ತದೆ ಎಂಬುದು ಮಾತ್ರ ನೆನಪಾಗಿ, ಫೋನು ಎಲ್ಲಿಟ್ಟೆ ಎಂದು ತಡಕಾಡಿದಳು. ಹುಡುಕುವಷ್ಟರಲ್ಲಿ ಅದೇ ರಿಂಗಾಯಿತು. ಈರಣ್ಣ. ಬಸ್‌ಸ್ಟ್ಯಾಂಡಿನಿಂದ. ಅವನ ದನಿಯಲ್ಲಿ ಬಹಳ ದಿನಗಳ ಮೇಲೆ ಖುಷಿ ಇತ್ತು. ನಿನ್ನೆ ಸಂಜೆ ಗಾಡಿಗೆ ನಾಲ್ಕೂ ಹೊಸ ಬಿಲ್ಲೆ ಹಾಕಿದರು, ನಾನೇ ನಿಂತು ಒಂದೊಂದನ್ನೂ ಬಡಿದು ನೋಡಿದೆ, ಗುಡಿಯ ಗಂಟೆಯೂ ಹಾಗೆ ಠಣ್ ಎನ್ನಲಿಕ್ಕಿಲ್ಲ ಎಂದ. ಇನ್ನು ಮೆಮೊದ ಕಾಟ ತಪ್ಪಿತು, ನೀನೂ ನಿಶ್ಚಿಂತೆಯಿಂದ ಇರು ಎಂದು ಹೇಳಲು ಫೋನು ಮಾಡಿದೆ ಎಂದ.

"ಇವತ್ತ ಗಾಡಿ ಒಯ್ಯಬ್ಯಾಡ್ರಿ," ಎಂದಳು ಅನಸೂಯಾ.

"ಯಾಕ? ಠಣ್ ಅಂತಾವು ಅಂತ ಹೇಳಾಕ್ಹತ್ತೀನಲ್ಲ."

"ಅದಕ್ಕ ಒಯ್ಯಬ್ಯಾಡ್ರಿ."

ಫೋನಿನಲ್ಲಿ ಬಸ್ಸಿನೊಳಗಿನ ಗದ್ದಲ ಕೇಳುತ್ತಿತ್ತು. ಯಾರದೋ ಕೂಸು ಅಳುತ್ತಿತ್ತು, ಯಾರೋ ಕಿಟಕಿ ಸರಿಸಲು ಬರುತ್ತಿಲ್ಲ ಎಂದು ಗೊಣಗುತ್ತಿದ್ದರು. ಆಡಿಟ್ಟಿನ ಸಂಗತಿಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಅವನಿಗೆ ಅರ್ಥವಾಯಿತು, ಅರ್ಥವಾಗದ ಮನುಷ್ಯನಲ್ಲ. ಆದರೆ ಗಾಡಿಯಲ್ಲಿ ನಲವತ್ತೊಂದು ಜನ ಕೂತಿದ್ದರು, ಡಿಪೋದ ಸಾಹೇಬರು ಎದುರಿಗೇ ನಿಂತಿದ್ದರು, ಬಿಲ್ಲೆಯಲ್ಲಿ ತೋರಿಸಲು ಒಂದು ಐಬೂ ಇರಲಿಲ್ಲ.

"ಸಪ್ಪಗಿದ್ರೂ ಒಯ್ಯಬ್ಯಾಡ, ಠಣ್ ಅಂದ್ರೂ ಒಯ್ಯಬ್ಯಾಡ," ಎಂದ ಈರಣ್ಣ. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿ ಕೇಳಿದ. "ಹಂಗಾರ ಯಾವದನ್ನ ನಂಬಿ ಒಯ್ಲಿ? ನೀನ ಹೇಳು."

ಅವಳು ಯೋಚಿಸಿದಳು. ಆ ನಾಲ್ಕು ಬಿಲ್ಲೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡ ಹಾಗೆ ಕಲ್ಪಿಸಿಕೊಂಡು, ಕಣ್ಣು, ಬೆರಳು, ಕಿವಿ, ಬೆಂಕಿ, ನೀರು ಎಲ್ಲವನ್ನೂ ಮನಸ್ಸಿನಲ್ಲೇ ಹಚ್ಚಿ ನೋಡಿದಳು. ಅಡ್ಡ ಕೊಯ್ದರೆ ಗೊತ್ತಾಗುತ್ತದೆ. ಕೊಯ್ದ ಬಿಲ್ಲೆಯನ್ನು ಗಾಡಿಗೆ ಹಾಕಲು ಬರುವುದಿಲ್ಲ.

"ಸಾವಕಾಶ ಒಯ್ತೀನಿ ತಗೋ," ಎಂದ ಈರಣ್ಣ. ಹಿಂದಿನಿಂದ ಕಂಡಕ್ಟರು ಸೀಟಿ ಹೊಡೆದದ್ದು ಸ್ಪಷ್ಟವಾಗಿ ಕೇಳಿಸಿತು, ಆಮೇಲೆ ಫೋನು ನಿಂತಿತು. ಭಾಗ್ಯಶ್ರೀ ಅಂಗಳದಲ್ಲಿ ಸ್ಕೂಟರಿನ ಕೀಲಿ ಹಿಡಿದುಕೊಂಡೇ ನಿಂತಿದ್ದಳು. ಚೆನ್ನವ್ವ ಒಲೆಯ ಮುಂದಿನಿಂದ, ಮಗ ಇವತ್ತು ಊಟಕ್ಕೆ ಎಷ್ಟಕ್ಕೆ ಬರುತ್ತಾನಂತೆ ಎಂದು ಕೇಳಿದಳು.